ಮಂತ್ರಿಗೆ ಫೋನು, ಕುದುರೆಗೆ ಮೆರವಣಿಗೆ

2021ರ ಏಪ್ರಿಲ್ 28. ಕೊರೊನಾ ಎರಡನೇ ಅಲೆಗೆ ರಾಜ್ಯ ಬಾಗಿಲು ಹಾಕಿಕೊಂಡು ಇನ್ನೂ ಒಂದು ದಿನ ತುಂಬಿರಲಿಲ್ಲ. ಗದಗ ಜಿಲ್ಲೆಯ ರೈತ ಕಾರ್ಯಕರ್ತರೊಬ್ಬರು ಆಹಾರ ಸಚಿವರ ಮೊಬೈಲಿಗೆ ನೇರವಾಗಿ ಫೋನು ಹಚ್ಚಿದರು. ಪಡಿತರದ ಅಕ್ಕಿಯನ್ನು ತಲೆಗೆ ಐದು ಕಿಲೋದಿಂದ ಎರಡಕ್ಕೆ ಇಳಿಸಿದ್ದೀರಿ, ಬಂದ್ ಬೇರೆ ಮಾಡಿದ್ದೀರಿ, ಬಡವರು ಏನು ತಿನ್ನಬೇಕು ಎಂಬುದು ಅವರ ಪ್ರಶ್ನೆ. ಉತ್ತರ ಕರ್ನಾಟಕಕ್ಕೆ ಮೂರು ಕಿಲೋ ಜೋಳ ಕೊಡುತ್ತೇವೆ, ಮೇ ಮತ್ತು ಜೂನ್ ತಿಂಗಳಿಗೆ ಕೇಂದ್ರದ ಅಕ್ಕಿ ಬರುತ್ತದೆ ಎಂದರು ಸಚಿವರು. ಅಲ್ಲಿಯವರೆಗೆ ಉಪವಾಸ ಸಾಯಬೇಕೇ ಎಂದರು ಇವರು. ಸಾಯುವುದೇ ಒಳ್ಳೆಯದು ಎಂಬ ಅರ್ಥದ ಮಾತು ಆ ಕಡೆಯಿಂದ ಬಂತು. ಸಂಜೆಯೊಳಗೆ ಆ ಧ್ವನಿಮುದ್ರಿಕೆ ರಾಜ್ಯದ ಎಲ್ಲ ಮೊಬೈಲುಗಳಲ್ಲಿತ್ತು. ಮುಖ್ಯಮಂತ್ರಿ ಯಡಿಯೂರಪ್ಪ ವಿಷಾದ ಹೇಳಿದರು, ಸಚಿವರೂ ಕ್ಷಮೆ ಕೇಳಿದರು.

ಆ ಸಚಿವರು ಹುಕ್ಕೇರಿಯ ಶಾಸಕ ಉಮೇಶ ಕತ್ತಿ. ಈಗ ಅವರಿಲ್ಲ, 2022ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಅವರ ಮಾತಿನ ಒರಟುತನದ ಬಗ್ಗೆ ಆಗ ಬೇಕಾದಷ್ಟು ಬರಹ ಬಂದಿದೆ. ನನ್ನ ಗಮನ ಇರುವುದು ಫೋನು ಹಚ್ಚಿದವರ ಮೇಲೆ. ಸಾಮಾನ್ಯ ಮನುಷ್ಯನೊಬ್ಬ ರಾಜ್ಯದ ಆಹಾರ ಸಚಿವರ ನಂಬರು ಹುಡುಕಿ, ಹೆದರದೆ, ಅಕ್ಕಿಯ ಲೆಕ್ಕ ಕೇಳುತ್ತಾನೆ. ಮಂತ್ರಿ ಫೋನು ಎತ್ತುತ್ತಾರೆ. ಎತ್ತಿ ಜಗಳಕ್ಕೂ ನಿಲ್ಲುತ್ತಾರೆ. ಮಹಾಮಾರಿಯ ಕಾಲದಲ್ಲಿ ಜನ ತಮ್ಮ ಸರಕಾರವನ್ನು ಹೇಗೆ ಕಂಡರು ಎಂದು ಅಮೆರಿಕ, ಯುರೋಪುಗಳ ಬಗ್ಗೆ ಗ್ರಂಥಗಟ್ಟಲೆ ಚರ್ಚೆ ನಡೆದಿದೆ. ನಮ್ಮ ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಜನ ಹೇಗೆ ಕಂಡರು ಎಂದು ಕೇಳಿದರೆ ಉತ್ತರ ಈ ಫೋನು ಕರೆಯಿಂದಲೇ ಆರಂಭವಾಗಬೇಕು.

ಮೊದಲು ಸಾಗರದಾಚೆಯ ಕಥೆ ನೋಡೋಣ. ಅಮೆರಿಕದಲ್ಲಿ ಸರಕಾರದ ಮೇಲಿನ ಸಂಶಯ ಕೊರೊನಾ ತಂದ ರೋಗವಲ್ಲ. ವಾಷಿಂಗ್ಟನ್ನಿನ ಸರಕಾರ ಬಹುಮಟ್ಟಿಗೆ ಸರಿಯಾದುದನ್ನೇ ಮಾಡುತ್ತದೆ ಎಂದು ನಂಬುವವರು 1964ರಲ್ಲಿ ನೂರಕ್ಕೆ 77 ಮಂದಿ ಇದ್ದರು. ಪ್ಯೂ ಸಮೀಕ್ಷಾ ಸಂಸ್ಥೆ 2020ರಲ್ಲಿ ಕೇಳಿದಾಗ ಉಳಿದದ್ದು 20ರಷ್ಟು. ನಡುವೆ ವಿಯೆಟ್ನಾಂ ಯುದ್ಧ, ವಾಟರ್‌ಗೇಟ್ ಹಗರಣ ಆಗಿಹೋಗಿದ್ದವು. 'ನಾನು ಸರಕಾರದ ಕಡೆಯವ, ಸಹಾಯ ಮಾಡಲು ಬಂದಿದ್ದೇನೆ' ಎನ್ನುವ ಮಾತಿಗಿಂತ ಭಯಂಕರವಾದದ್ದು ಇನ್ನೊಂದಿಲ್ಲ ಎಂದು 1986ರಲ್ಲಿ ನಗೆಯಾಡಿದವರು ಸ್ವತಃ ಆ ದೇಶದ ಅಧ್ಯಕ್ಷ ರೇಗನ್. ಇಂಥ ನೆಲಕ್ಕೆ ಲಾಕ್‌ಡೌನ್ ಬಂದಾಗ ಆದದ್ದನ್ನು ಮಿಷಿಗನ್ ರಾಜ್ಯ ತೋರಿಸಿತು. 2020ರ ಏಪ್ರಿಲ್ 15ರಂದು ಅಲ್ಲಿನ ಜನ ಕಾರುಗಳನ್ನು ತಂದು ರಾಜಧಾನಿಯ ರಸ್ತೆಗಳನ್ನು ಕಟ್ಟಿಹಾಕಿದರು. ಅದೇ ತಿಂಗಳ 30ರಂದು ಬಂದೂಕು ಹೊತ್ತವರೇ ಶಾಸನಸಭೆಯ ಕಟ್ಟಡದೊಳಗೆ ನಿಂತಿದ್ದರು. ರೋಗ ಇದೆಯೋ ಇಲ್ಲವೋ ಎಂಬ ವಾದವೂ ಅಲ್ಲಿತ್ತು. ಆದರೆ ಮುಖ್ಯ ವಾದ, ನನ್ನ ಅಂಗಡಿಯ ಬಾಗಿಲು ಹಾಕಿಸಲು ನೀನು ಯಾರು ಎಂಬುದು. ಅಕ್ಟೋಬರಿನಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಗವರ್ನರಿಗೆ ಅಷ್ಟು ಅಧಿಕಾರ ಇಲ್ಲವೆಂದೇ ತೀರ್ಪು ಕೊಟ್ಟಿತು. ದೊಡ್ಡ ಕಂಪನಿಗಳ ನೌಕರರಿಗೆ ಲಸಿಕೆ ಅಥವಾ ಪರೀಕ್ಷೆ ಕಡ್ಡಾಯ ಎಂಬ ಬೈಡನ್ ಸರಕಾರದ ನಿಯಮವನ್ನು 2022ರ ಜನವರಿಯಲ್ಲಿ ಒಕ್ಕೂಟದ ಸುಪ್ರೀಂ ಕೋರ್ಟು ತಡೆಹಿಡಿಯಿತು.

ಯುರೋಪು ಇದಕ್ಕೆ ವಿರುದ್ಧ, ಅಲ್ಲಿನವರು ಹೇಳಿದ ಮಾತು ಕೇಳುವ ಜನ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅಷ್ಟು ಸರಳವಲ್ಲ. ಸ್ವೀಡನ್ ಬಾಗಿಲು ಹಾಕಿಸಲೇ ಇಲ್ಲ. ಅಲ್ಲಿ ಮಂತ್ರಿಗಳು ಇಲಾಖೆಯ ತಜ್ಞರ ಕೆಲಸದಲ್ಲಿ ಕೈ ಹಾಕುವಂತಿಲ್ಲ, ಆಂಡರ್ಸ್ ಟೆಗ್ನೆಲ್ ಎಂಬ ಅಧಿಕಾರಿ ಸಲಹೆ ಕೊಟ್ಟರು, ಜನ ಬಹುಪಾಲು ಪಾಲಿಸಿದರು. ಆದರೂ ವೃದ್ಧಾಶ್ರಮಗಳಲ್ಲಿ ಸಾವು ಏರಿತು. ನಾವು ಸೋತೆವು ಎಂದು ಆ ವರ್ಷದ ಕೊನೆಗೆ ದೊರೆಯೇ ಹೇಳಬೇಕಾಯಿತು. ಫ್ರಾನ್ಸಿನವರು ಮನೆಯಿಂದ ಹೊರಬೀಳಲು ತಮಗೆ ತಾವೇ ಅಪ್ಪಣೆಚೀಟಿ ಬರೆದು ಸಹಿ ಹಾಕಿಕೊಳ್ಳಬೇಕಿತ್ತು. ಮುಷ್ಕರಕ್ಕೇ ಹೆಸರಾದ ಆ ಜನ ತಿಂಗಳುಗಟ್ಟಲೆ ಅದನ್ನೂ ಮಾಡಿದರು. ಲಸಿಕೆಯ ಇಲ್ಲವೇ ಪರೀಕ್ಷೆಯ ಪ್ರಮಾಣಪತ್ರ ಇಲ್ಲದೆ ಹೋಟೆಲಿಗೆ ಪ್ರವೇಶವಿಲ್ಲ ಎಂದು ಮ್ಯಾಕ್ರನ್ 2021ರ ಜುಲೈ 12ರಂದು ಟಿವಿಯಲ್ಲಿ ಹೇಳಿದ ಮರುದಿನವೇ ಲಕ್ಷಾಂತರ ಜನ ಲಸಿಕೆಗೆ ಹೆಸರು ಬರೆಸಿದರು. ಮುಂದಿನ ಶನಿವಾರಗಳಲ್ಲಿ ಲಕ್ಷಾಂತರ ಜನ ಬೀದಿಗೂ ಇಳಿದರು. ಎರಡೂ ಒಂದೇ ದೇಶ. ಡೆನ್ಮಾರ್ಕಿನಲ್ಲಿ ಮಿಂಕ್ ಎಂಬ ತುಪ್ಪಳದ ಪ್ರಾಣಿಗಳಿಂದ ವೈರಸ್ ಹರಡುತ್ತದೆಂದು ಸರಕಾರ ದೇಶದ ಎಲ್ಲ ಮಿಂಕ್‌ಗಳನ್ನೂ ಕೊಲ್ಲಲು ಆದೇಶಿಸಿತು. ಅದಕ್ಕೆ ಕಾನೂನಿನ ಆಧಾರವೇ ಇರಲಿಲ್ಲ ಎಂದು ಗೊತ್ತಾದಾಗ ಮಂತ್ರಿ ರಾಜೀನಾಮೆ ಕೊಟ್ಟರು. ಒಟ್ಟಿನಲ್ಲಿ ಯುರೋಪಿನಲ್ಲಿ, ಸರಕಾರ ಇರಬೇಕೇ ಬೇಡವೇ ಎಂಬುದು ಜಗಳವಾಗಿರಲಿಲ್ಲ. ಕೆಲಸ ನೆಟ್ಟಗೆ ಮಾಡಿತೇ, ಕಾನೂನು ಹಿಡಿದು ಮಾಡಿತೇ ಎಂಬುದು ಜಗಳವಾಗಿತ್ತು.

ಈಗ ನಮ್ಮ ಕಡೆ ಬರೋಣ. ಗೋಕಾಕ ಸೀಮೆಯ ಹಳ್ಳಿಗೆ ಒಬ್ಬ ಹೋಗಿ, 'ಸರಕಾರದ ಕಡೆಯಿಂದ ಬಂದೀನ್ರಿ' ಅಂದರೆ ಏನಾಗುತ್ತದೆ? ಯಾರೂ ಹೆದರುವುದಿಲ್ಲ. ರೇಷನ್ ಕಾರ್ಡು, ಆಧಾರ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು ಹೊರಗೆ ಬರುತ್ತವೆ. 'ಬಿದ್ದ ಮನಿದು ಇನ್ನೂ ರೊಕ್ಕಾ ಬಂದಿಲ್ರಿ' ಎಂದು ಮಾತು ಶುರುವಾಗುತ್ತದೆ.

ಮನೆ ಬಿದ್ದ ಮಾತು ಸುಮ್ಮನೆ ಹೇಳಿದ್ದಲ್ಲ. ಕೊರೊನಾ ಬರುವ ಏಳೆಂಟು ತಿಂಗಳ ಮೊದಲು, 2019ರ ಆಗಸ್ಟಿನಲ್ಲಿ, ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳು ಈ ಮೂರೂ ತಾಲೂಕುಗಳನ್ನು ನುಗ್ಗಿ ತುಳಿದಿದ್ದವು. ಹಿಡಕಲ್ ಜಲಾಶಯದಿಂದ ನೀರು ಬಿಡುತ್ತಲೇ ಗೋಕಾಕ ಪಟ್ಟಣದ ಪೇಟೆಯೊಳಗೆ ನೀರು ಬಂತು, ಲೋಳಸೂರ ಸೇತುವೆ ಮುಳುಗಿತು, ಸಂಕೇಶ್ವರದ ಓಣಿಗಳು ಜಲಾವೃತವಾದವು. ತುರ್ತಿಗೆ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ ಐದು ಲಕ್ಷ ಎಂದು ಸರಕಾರ ಘೋಷಿಸಿತು. ಆಮೇಲೆ ಯಾವ ಮನೆ ಪೂರ್ತಿ ಬಿದ್ದದ್ದು, ಯಾವುದು ಅರ್ಧ, ಯಾವುದಕ್ಕೆ ಬರೀ ಬಿರುಕು ಎಂದು ಎ, ಬಿ, ಸಿ ಪಟ್ಟಿ ಮಾಡುವ ಕೆಲಸ. ಆ ಪಟ್ಟಿಯ ಹಿಂದೆ ಓಡಾಡುತ್ತಿದ್ದಾಗಲೇ ಕೊರೊನಾ ಬಂದದ್ದು. ಹಾಗಾಗಿ 2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಪ್ರಧಾನಿ ಟಿವಿಯಲ್ಲಿ ಕಾಣಿಸಿಕೊಂಡಾಗ ಇಲ್ಲಿನ ಮನೆಗಳಲ್ಲಿ ನನ್ನ ಸ್ವಾತಂತ್ರ್ಯ ಹೋಯಿತು ಎಂದು ಯಾರಿಗೂ ಅನ್ನಿಸಲಿಲ್ಲ. ಕೆಲಸ ಎಂದು ಸುರು ಆಗುತ್ತದೆ, ತಹಶೀಲ್ದಾರ ಕಚೇರಿ ಎಂದು ತೆಗೆಯುತ್ತದೆ ಎಂಬುದೇ ಚಿಂತೆ.

ಅಮೆರಿಕದವನಿಗೆ ಸರಕಾರ ಹತ್ತಿರ ಬಂದರೆ ಕಿರಿಕಿರಿ. ನಮ್ಮವರಿಗೆ ದೂರ ಇದ್ದರೆ ಸಂಕಟ. ಮೂಡಲಗಿಯ ಇತಿಹಾಸವೇ ಇದಕ್ಕೆ ಸಾಕ್ಷಿ. 2017ರಲ್ಲಿ ಹೊಸ ತಾಲೂಕುಗಳ ಪಟ್ಟಿಯಿಂದ ಮೂಡಲಗಿ ಬಿಟ್ಟುಹೋದಾಗ ಊರಿಗೆ ಊರೇ ಬೀದಿಗೆ ಬಂತು. ಕೊನೆಗೆ ಸರಕಾರ ಮಣಿದು ಅದನ್ನು ಗೋಕಾಕದಿಂದ ಒಡೆದು ತಾಲೂಕು ಮಾಡಿತು. ಒಂದು ಊರಿನ ಜನ ತಮ್ಮ ಮಗ್ಗುಲಿಗೆ ಇನ್ನೊಂದು ಸರಕಾರಿ ಕಚೇರಿ ಬರಲಿ ಎಂದು ಚಳವಳಿ ಹೂಡುವುದನ್ನು ಮಿಷಿಗನ್ನಿನ ಆ ಬಂದೂಕುಧಾರಿಗೆ ಹೇಗೆ ವಿವರಿಸುತ್ತೀರಿ? ಗೋಕಾಕಕ್ಕೆ ಜಿಲ್ಲೆಯ ಪಟ್ಟ ಬೇಕೆಂಬ ಕೂಗು ಇನ್ನೂ ಹಳೆಯದು. ಜೆ.ಎಚ್. ಪಟೇಲರ ಸರಕಾರ 1997ರಲ್ಲಿ ಗೋಕಾಕ, ಚಿಕ್ಕೋಡಿಗಳನ್ನು ಜಿಲ್ಲೆ ಮಾಡುತ್ತೇವೆಂದು ಹೇಳಿ ಹಿಂದೆ ಸರಿಯಿತು. ಅಂದಿನಿಂದ ಪ್ರತಿ ಚುನಾವಣೆಗೂ ಆ ಮಾತು ಎದ್ದು ಕೂರುತ್ತದೆ. ಕತ್ತಿಯವರಂತೂ ಮಂತ್ರಿಯಾಗಿದ್ದುಕೊಂಡೇ ಉತ್ತರ ಕರ್ನಾಟಕ ಪ್ರತ್ಯೇಕ ರಾಜ್ಯವಾಗಲಿ ಎಂದವರು. ಅವರ ವಾದವನ್ನು ನಾನು ಒಪ್ಪುವವನಲ್ಲ, ಆದರೆ ಅದರ ಬೇರು ಎಲ್ಲಿದೆ ಎಂಬುದು ಬೆಂಗಳೂರಿಗೆ ಒಂದು ಕಾಗದದ ಸಲುವಾಗಿ ರಾತ್ರಿ ಬಸ್ಸು ಹಿಡಿದವರಿಗೆಲ್ಲ ಗೊತ್ತು.

ಇನ್ನೊಂದು ಸಂಗತಿ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಇಲ್ಲಿ ಸರಕಾರ ಎಲ್ಲಿ ಮುಗಿದು ಜನ ಎಲ್ಲಿ ಸುರು ಆಗುತ್ತಾರೆ ಎಂದು ಗೆರೆ ಕೊರೆಯುವುದು ಕಷ್ಟ. ಹುಕ್ಕೇರಿ ತಾಲೂಕಿನ ಹಳ್ಳಿಗಳಿಗೆ ವಿದ್ಯುತ್ತು ಹೆಸ್ಕಾಂನಿಂದ ಬರುವುದಲ್ಲ, ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದಿಂದ ಬರುತ್ತದೆ. ರಾಜ್ಯದಲ್ಲಿ ಬೇರೆಲ್ಲೂ ಇಲ್ಲದ ವ್ಯವಸ್ಥೆ ಅದು. ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ. ಹಳ್ಳಿಹಳ್ಳಿಗೆ ಸೊಸೈಟಿ, ಹಾಲಿನ ಡೇರಿ. 2020ರಲ್ಲಿ ಕೆಎಂಎಫ್ ಅಧ್ಯಕ್ಷರಾಗಿದ್ದವರೂ ಇಲ್ಲಿನವರೇ, ಅರಭಾವಿ ಶಾಸಕ ಬಾಲಚಂದ್ರ ಜಾರಕಿಹೊಳಿ. ಹೋಟೆಲು, ಮದುವೆಗಳು ನಿಂತು ಹಾಲು ಮಾರಾಟವಾಗದೆ ಉಳಿದಾಗ ಸರಕಾರವೇ ಕೊಂಡು ಕೊಳೆಗೇರಿಗಳಿಗೆ ಪುಕ್ಕಟೆ ಹಂಚಿತು. ಅತ್ತ ಬೆಂಗಳೂರಿನ ಬಡವನಿಗೆ ಹಾಲು, ಇತ್ತ ಮೂಡಲಗಿಯ ಎಮ್ಮೆ ಸಾಕಿದವಳಿಗೆ ಹದಿನೈದು ದಿನದ ಬಟವಾಡೆ. ಆ ಇಡೀ ಕಾಲದಲ್ಲಿ ನಡೆದ ಅತ್ಯಂತ ಜಾಣ ಕೆಲಸಗಳಲ್ಲಿ ಇದೊಂದು ಎಂದು ನನ್ನ ಲೆಕ್ಕ, ಇದರ ಬಗ್ಗೆ ಹೆಚ್ಚು ಮಾತೇ ಆಗಲಿಲ್ಲ.

ಮೊದಲ ಲಾಕ್‌ಡೌನಿನಲ್ಲಿ ಈ ಕಡೆಯ ಜನ ಸರಕಾರ ಹೇಳಿದ್ದಕ್ಕಿಂತ ಹೆಚ್ಚು ಮಾಡಿದರು. ಊರ ಬಾಯಿಗೆ ಮುಳ್ಳುಕಂಟಿ ಬಿತ್ತು, ಕೆಲವೆಡೆ ರಸ್ತೆಯನ್ನೇ ಅಗೆದರು. ಡಂಗುರ ಹೊಡೆದರು. ಪೊಲೀಸರಿಗೆ ಹೆದರಿ ಮಾಡಿದ್ದಲ್ಲ ಇದು. ಊರನ್ನು ತಾವೇ ಕಟ್ಟಿಹಾಕಿಕೊಳ್ಳುವುದು ನಮ್ಮ ಹಳ್ಳಿಗಳಿಗೆ ಗೊತ್ತಿರುವ ವಿದ್ಯೆ. ದ್ಯಾಮವ್ವನದೋ ದುರ್ಗವ್ವನದೋ ಹೆಸರಿನಲ್ಲಿ ವಾರ ಹಿಡಿಯುತ್ತಾರಲ್ಲ, ಆ ಮಂಗಳವಾರ ಇಲ್ಲವೇ ಶುಕ್ರವಾರ ಹೊಲದ ಕೆಲಸ ಬಂದ್, ಗಿರಣಿ ಬಂದ್, ಕೆಲವೂರುಗಳಲ್ಲಿ ರೊಟ್ಟಿ ಬಡಿಯುವುದೂ ಬಂದ್. ತಪ್ಪಿದವನಿಗೆ ದಂಡ. ಅದನ್ನು ಯಾವ ಕೋರ್ಟಿನಲ್ಲೂ ಯಾರೂ ಪ್ರಶ್ನಿಸಿಲ್ಲ. ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಥೆಯನ್ನು ಹಿರಿಯರ ಬಾಯಲ್ಲಿ ಕೇಳಿದವರು ಈಗಲೂ ಇದ್ದಾರೆ.

ಪ್ಲೇಗಿನ ಮಾತು ಬಂತಲ್ಲ, ಸ್ವಲ್ಪ ನಿಲ್ಲಬೇಕು. 2020ರಲ್ಲಿ ನಮ್ಮ ಮೇಲೆ ಚಲಾವಣೆಯಾದ ಕಾನೂನುಗಳಲ್ಲಿ ಒಂದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಬ್ರಿಟಿಷರು ಮುಂಬಯಿ ಪ್ಲೇಗಿಗೆ ಹೆದರಿ ಮಾಡಿದ ನಾಲ್ಕೇ ಕಲಮುಗಳ ಕಾನೂನು ಅದು. ಬೆಳಗಾವಿ, ಧಾರವಾಡ ಜಿಲ್ಲೆಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಪುಣೆಯಲ್ಲಿ ಸೋಲ್ಜರುಗಳು ಮನೆಯೊಳಗೆ ನುಗ್ಗಿ ರೋಗಿಗಳನ್ನು ಹುಡುಕಿದರು, ಹೆಂಗಸರನ್ನೂ ಬಿಡಲಿಲ್ಲ. ಜನ ರೊಚ್ಚಿಗೆದ್ದರು, ಪ್ಲೇಗ್ ಕಮಿಷನರ್ ರ‍್ಯಾಂಡ್‌ನನ್ನು ಆ ವರ್ಷದ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ಗುಂಡಿಗೆ ಗುರಿಮಾಡಿದರು. ಮರುವರ್ಷ, 1898ರಲ್ಲಿ, ಹುಬ್ಬಳ್ಳಿಯಲ್ಲಿ ಆದದ್ದು ಬೇರೆ. ಅಲ್ಲಿ ಹಾಫ್‌ಕಿನ್ ಲಸಿಕೆಯನ್ನು ಸಾವಿರಾರು ಜನ ಹಾಕಿಸಿಕೊಂಡರು, ದೇಶದ ದೊಡ್ಡ ಲಸಿಕೆ ಪ್ರಯೋಗಗಳಲ್ಲಿ ಅದೊಂದಾಯಿತು. ಅದೇ ಪ್ರಾಂತ, ಅದೇ ಕಾನೂನು, ಹೆಚ್ಚೂಕಡಿಮೆ ಅದೇ ಸಮಯ. ಮನೆಯೊಳಗೆ ಯಾರು, ಹೇಗೆ ಕಾಲಿಟ್ಟರು ಎಂಬುದರ ಮೇಲೆ ಜನರ ಉತ್ತರ ಬದಲಾಯಿತು.

ಊರಿನ ಈ ಸ್ವಯಂ ಶಿಸ್ತನ್ನು ಹೊಗಳುತ್ತ ಕೂರುವುದೂ ಸರಿಯಲ್ಲ. ಮುಳ್ಳುಕಂಟಿ ಬಿದ್ದದ್ದು ವೈರಸ್ಸಿಗೆ ಮಾತ್ರವೇ? ಮುಂಬಯಿ, ಕೊಲ್ಹಾಪುರ, ಗೋವಾಗಳಿಗೆ ದುಡಿಯಲು ಹೋದವರು ಸೇವಾ ಸಿಂಧುವಿನಲ್ಲಿ ಪಾಸು ಪಡೆದು ಊರಿಗೆ ಬಂದರೆ ಒಡಹುಟ್ಟಿದವರೇ ಒಳಗೆ ಕರೆಯಲಿಲ್ಲ. ಶಾಲೆಯ ಕ್ವಾರಂಟೈನಿಗೆ ಬುತ್ತಿ ಕೊಡಲು ಬಂದವರನ್ನೂ ಅನುಮಾನದಿಂದ ನೋಡಿದರು. ದೆಹಲಿಯ ತಬ್ಲೀಗ್ ಸಮಾವೇಶಕ್ಕೆ ಹೋಗಿಬಂದವರಲ್ಲಿ ಸೋಂಕು ಕಂಡು, ಹಿರೇಬಾಗೇವಾಡಿ, ಕುಡಚಿಗಳ ಹೆಸರು ದಿನಾ ಟಿವಿಯಲ್ಲಿ ಬರತೊಡಗಿದ ಮೇಲೆ ಮುಸ್ಲಿಂ ವ್ಯಾಪಾರಿಗಳು ಊರೊಳಗೆ ಕಾಲಿಡುವುದೇ ಕಷ್ಟವಾದ ಊರುಗಳಿದ್ದವು. ಒಂದು ಸಮುದಾಯವನ್ನು ದೂರಬೇಡಿ, ಹಾಗೆ ದೂರಿದರೆ ಕ್ರಮ ಕೈಗೊಳ್ಳಬೇಕಾಗುತ್ತದೆ ಎಂದು ಆ ಏಪ್ರಿಲಿನಲ್ಲಿ ಎಚ್ಚರಿಸಿದ್ದು ಬೆಂಗಳೂರಿನಲ್ಲಿ ಕುಳಿತ ಮುಖ್ಯಮಂತ್ರಿ. ಹತ್ತಿರದ ಊರಿಗಿಂತ ದೂರದ ಸರಕಾರವೇ ಆಗ ಹೆಚ್ಚು ಮನುಷ್ಯತ್ವದಿಂದ ಮಾತಾಡಿತು. ಇದನ್ನು ನೆನಪಿಡದೆ ಹಳ್ಳಿಯ ಒಗ್ಗಟ್ಟಿನ ಬಗ್ಗೆ ಬರೆಯುವವರನ್ನು ನಾನು ನಂಬುವುದಿಲ್ಲ.

ಇನ್ನು ಕುದುರೆ. ಗೋಕಾಕ ತಾಲೂಕಿನ ಕೊಣ್ಣೂರ ಬಳಿ ಮರಡಿಮಠ ಎಂಬ ಊರಿದೆ. ಕಾಡಸಿದ್ಧೇಶ್ವರ ಮಠದ ಕುದುರೆಯೊಂದನ್ನು ಕೊರೊನಾ ತೊಲಗಲೆಂದು ದೇವರ ಹೆಸರಿನಲ್ಲಿ ಊರಲ್ಲಿ ಸುತ್ತಾಡಲು ಬಿಟ್ಟಿದ್ದರು ಎಂದು ಸುದ್ದಿ. 2021ರ ಮೇ ತಿಂಗಳಲ್ಲಿ, ಎರಡನೇ ಅಲೆ ಉಕ್ಕಿ ಹರಿಯುತ್ತಿದ್ದಾಗ ಅದು ಸತ್ತಿತು. ಅಂತ್ಯಕ್ರಿಯೆಗೆ ನೂರಾರು ಜನ ಸೇರಿದರು. ಮೆರವಣಿಗೆಯ ವಿಡಿಯೋ ದೇಶದ ಚಾನೆಲ್ಲುಗಳಲ್ಲೆಲ್ಲ ಓಡಿತು, ನಿರೂಪಕರು ಹಣೆ ಬಡಿದುಕೊಂಡರು. ಜಿಲ್ಲಾಡಳಿತ ಬಂದು ಊರನ್ನೇ ಸೀಲ್‌ಡೌನ್ ಮಾಡಿತು, ಜನರ ಮೂಗಿನ ದ್ರವ ತೆಗೆದು ಪರೀಕ್ಷೆಗೆ ಕಳಿಸಿತು.

ಮಿಷಿಗನ್ನಿನ ಗುಂಪಿನ ಪಕ್ಕದಲ್ಲಿ ಈ ಗುಂಪನ್ನು ನಿಲ್ಲಿಸಿ ನೋಡಿ. ಎರಡೂ ಕಡೆ ಆದೇಶ ಮುರಿಯಿತು, ಎರಡೂ ಕಡೆ ಮಾಸ್ಕ್ ಕಡಿಮೆ. ಮಿಷಿಗನ್ನಿನವರು ಸರಕಾರಕ್ಕೆ ಎದುರಾಗಿ, ಸರಕಾರ ನೋಡಲಿ ಎಂದೇ ಬಂದವರು. ಅವರ ಕೈಯಲ್ಲಿ ಸಂವಿಧಾನದ ಮಾತು ಬರೆದ ಫಲಕಗಳಿದ್ದವು. ಮರಡಿಮಠದವರಿಗೆ ಆ ಹೊತ್ತು ಸರಕಾರದ ನೆನಪೇ ಇರಲಿಲ್ಲ. ಮಠದ ಕುದುರೆ ಸತ್ತಿದೆ, ಮಣ್ಣಿಗೆ ಹೋಗಬೇಕು, ಅಷ್ಟೇ. ಆಮೇಲೆ ಊರು ಕಟ್ಟಿಹಾಕಿದಾಗ ಯಾರೂ ಹೈಕೋರ್ಟಿಗೆ ಹೋಗಲಿಲ್ಲ. ಮದುವೆಗೆ ಇಷ್ಟೇ ಜನ, ಸಾವಿಗೆ ಇಷ್ಟೇ ಜನ ಎಂದು ಸುತ್ತೋಲೆ ಬರೆಯುವವರಿಗೆ ನಮ್ಮ ಊರುಗಳ ಈ ಸ್ವಭಾವ ಗೊತ್ತಿರಬೇಕಿತ್ತು. ಇಲ್ಲಿನವರು ಆದೇಶವನ್ನು ಧಿಕ್ಕರಿಸುವುದಿಲ್ಲ, ಬದಿಗಿಟ್ಟು ತಮ್ಮ ಕೆಲಸ ಮುಗಿಸಿ ಮತ್ತೆ ಬಂದು ಕೂರುತ್ತಾರೆ. ಧಿಕ್ಕಾರಕ್ಕೆ ವಾದದಿಂದ ಉತ್ತರ ಕೊಡಬಹುದು. ಇದಕ್ಕೆ ಮಠದ ಸ್ವಾಮಿಗಳ ಹತ್ತಿರ ಒಂದು ದಿನ ಮೊದಲೇ ಹೋಗಿ ಕೂತು ಮಾತಾಡುವ ಅಧಿಕಾರಿ ಬೇಕು.

ಹಾಗಾದರೆ ಸಿಟ್ಟೇ ಬರಲಿಲ್ಲವೇ? ಬಂತು, ಬೆಂಕಿಯಾಗಿಯೇ ಬಂತು. 2020ರ ಜುಲೈ 22ರ ರಾತ್ರಿ ಬೆಳಗಾವಿಯ ಬಿಮ್ಸ್ ಆಸ್ಪತ್ರೆಯಲ್ಲಿ ಕೊರೊನಾ ರೋಗಿಯೊಬ್ಬರು ತೀರಿಕೊಂಡಾಗ ಸಂಬಂಧಿಕರ ಗುಂಪು ಆಸ್ಪತ್ರೆಗೆ ಕಲ್ಲು ತೂರಿತು, ಆಂಬುಲೆನ್ಸಿಗೆ ಬೆಂಕಿ ಹಚ್ಚಿತು. ಗೋಕಾಕ, ಹುಕ್ಕೇರಿಯಿಂದಲೂ ಉಸಿರು ಕಟ್ಟಿದವರನ್ನು ಕೊನೆಗೆ ತಂದು ಹಾಕುವುದು ಅದೇ ಆಸ್ಪತ್ರೆಗೆ. ಆರು ತಿಂಗಳ ಬಳಿಕ, 2021ರ ಜನವರಿಯಲ್ಲಿ, ನೆದರ್‌ಲ್ಯಾಂಡ್ಸ್‌ನಲ್ಲಿ ಎರಡನೇ ಮಹಾಯುದ್ಧದ ನಂತರ ಮೊದಲ ಸಲ ರಾತ್ರಿ ಕರ್ಫ್ಯೂ ಹೇರಿದಾಗ ಉರ್ಕ್ ಎಂಬ ಊರಿನ ಹುಡುಗರು ಕೊರೊನಾ ಪರೀಕ್ಷಾ ಕೇಂದ್ರವನ್ನೇ ಸುಟ್ಟರು. ಉರ್ಕಿನಲ್ಲಿ ಬೆಂಕಿ ಬಿದ್ದದ್ದು ಸರಕಾರ ತಮ್ಮ ಬಾಗಿಲಿಗೆ ಯಾಕೆ ಬಂತು ಎಂಬ ಸಿಟ್ಟಿಗೆ. ಬೆಳಗಾವಿಯಲ್ಲಿ ಬಿದ್ದದ್ದು ನಮ್ಮವನನ್ನು ಯಾರೂ ನೋಡಲಿಲ್ಲ ಎಂಬ ಸಿಟ್ಟಿಗೆ. ಸುಟ್ಟದ್ದು ತಪ್ಪೇ, ಆ ಆಂಬುಲೆನ್ಸು ಇನ್ನೊಬ್ಬ ರೋಗಿಗೆ ಬೇಕಿತ್ತು. ಆದರೆ ಗಾಜಿನ ಬಾಗಿಲಾಚೆ ಒಳಗಿರುವ ಅಪ್ಪ ಉಂಡನೋ ಇಲ್ಲವೋ ಎಂದು ಹೇಳಲು ಒಬ್ಬ ಮನುಷ್ಯನಿದ್ದಿದ್ದರೆ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತಿತ್ತು. 2021ರ ಮೇ 2ರ ರಾತ್ರಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ಜನ ಸತ್ತ ಸುದ್ದಿ ಬಂದಾಗ ಆ ಸಿಟ್ಟು ಇಡೀ ರಾಜ್ಯದ್ದಾಯಿತು.

ಮಾಸ್ಕಿನ ಕಥೆಯಲ್ಲಿ ಸಿಟ್ಟಿನ ಜೊತೆ ನಗೆಯೂ ಸೇರಿತ್ತು. 2020ರ ಅಕ್ಟೋಬರ್ ಹೊತ್ತಿಗೆ ಮಾಸ್ಕ್ ಹಾಕದಿದ್ದರೆ ನಗರದಲ್ಲಿ 1,000, ಉಳಿದೆಡೆ 500 ರೂಪಾಯಿ ದಂಡ ಎಂದ ಸರಕಾರ, ಜನ ಗದ್ದಲ ಮಾಡಿದ ಮೇಲೆ ವಾರದೊಳಗೆ ಅದನ್ನು 250 ಮತ್ತು 100ಕ್ಕೆ ಇಳಿಸಿತು. ಸಂತೆಯಲ್ಲಿ ಚೌಕಾಸಿ ಮಾಡಿದ ಹಾಗೆಯೇ ಆಯಿತು. ಅಮೆರಿಕದಲ್ಲಿ ಮಾಸ್ಕು ಪಕ್ಷದ ಗುರುತಾಯಿತು, ನಮ್ಮಲ್ಲಿ ದರ ಕುದುರಿಸುವ ವಸ್ತುವಾಯಿತು.

ಜನರ ನಂಬಿಕೆ ನಿಜವಾಗಿ ಸಡಿಲವಾದದ್ದು ಬೇರೆಡೆ. ಬೆಳಗಾವಿಯ ಸಂಸದ, ರೈಲ್ವೆ ರಾಜ್ಯ ಸಚಿವ ಸುರೇಶ ಅಂಗಡಿ 2020ರ ಸೆಪ್ಟೆಂಬರ್ 23ರಂದು ದೆಹಲಿಯಲ್ಲಿ ಕೊರೊನಾದಿಂದ ತೀರಿಕೊಂಡರು. ಶರೀರವನ್ನು ಊರಿಗೂ ತರಲಾಗಲಿಲ್ಲ, ಅಲ್ಲೇ ಮಣ್ಣು ಮಾಡಿದರು. ಕೇಂದ್ರದ ಮಂತ್ರಿಗೂ ಅದೇ ನಿಯಮ ಎಂದು ಜನ ತಲೆ ತಗ್ಗಿಸಿದರು. ಆದರೆ ಅವರಿಂದ ತೆರವಾದ ಸ್ಥಾನದ ಉಪಚುನಾವಣೆ ಬಂದಾಗ ನಿಯಮಗಳೆಲ್ಲ ಎಲ್ಲಿಗೋ ಹೋದವು. ಅದಕ್ಕೂ ಮೊದಲೇ, 2021ರ ಜನವರಿ 17ರಂದು, ಬೆಳಗಾವಿಯಲ್ಲಿ ಅಮಿತ್ ಶಾ ಅವರ ಭಾರಿ ಸಮಾವೇಶ ನಡೆದಿತ್ತು. ಅಲ್ಲಿ ಮಾಸ್ಕಿಲ್ಲದವರ ಮೇಲೆ ಎಫ್‌ಐಆರ್ ಯಾಕಿಲ್ಲ ಎಂದು ಹೈಕೋರ್ಟು ಪೊಲೀಸರನ್ನು ತರಾಟೆಗೆ ತೆಗೆದುಕೊಂಡಿತು. ಏಪ್ರಿಲ್ 17ರಂದು ಗೋಕಾಕ, ಮೂಡಲಗಿಯವರು ಸಾಲಿನಲ್ಲಿ ನಿಂತು ಓಟು ಹಾಕಿದರು. ಬೆಳಗಾವಿಯಲ್ಲಿ ಪ್ರಚಾರ ಮಾಡಿ ಹೋದ ಮುಖ್ಯಮಂತ್ರಿಗೆ ಎರಡನೇ ಸಲ ಸೋಂಕು ದೃಢಪಟ್ಟದ್ದು ಅದರ ಹಿಂದಿನ ದಿನ. ಹತ್ತು ದಿನಕ್ಕೆ ರಾಜ್ಯ ಬಂದ್. ಮದುವೆಗೆ ಇಷ್ಟೇ ಜನ ಎಂದು ಹೇಳಲು ಯಾವ ಮುಖ ಉಳಿದಿತ್ತು? ಲಂಡನ್ನಿನಲ್ಲೂ ಆದದ್ದು ಇದೇ. ಜನ ಮನೆಯಲ್ಲಿ ಕೂತಿದ್ದಾಗ ಪ್ರಧಾನಿಯ ನಿವಾಸದಲ್ಲಿ ಪಾರ್ಟಿಗಳು ನಡೆದಿದ್ದವು. ಆದರೆ ಬೋರಿಸ್ ಜಾನ್ಸನ್ನಿಗೆ 2022ರ ಏಪ್ರಿಲಿನಲ್ಲಿ ಪೊಲೀಸರೇ ದಂಡ ಹಾಕಿದರು, ಮೂರು ತಿಂಗಳಿಗೆ ಕುರ್ಚಿಯೂ ಹೋಯಿತು. ಯುರೋಪಿನಿಂದ ನಾವು ಕಲಿಯಬೇಕಾದ್ದು ಏನಾದರೂ ಇದ್ದರೆ ಆ ದಂಡದ ರಸೀತಿ.

ಕೊಡುವ ವಿಷಯಕ್ಕೆ ಬಂದರೆ ಮೂರೂ ಕಡೆಯ ಸರಕಾರಗಳ ರೀತಿ ಬೇರೆ. ಜರ್ಮನಿ ನೌಕರಿ ಹೋಗದ ಹಾಗೆ ಸಂಬಳದ ಒಂದು ಪಾಲನ್ನು ತಾನೇ ತುಂಬಿತು. ಸರಕಾರ ಬೇಡ ಎನ್ನುವ ಅಮೆರಿಕದವರೂ ತಲೆಗೆ 1,200 ಡಾಲರಿನ ಚೆಕ್ಕನ್ನು ವಾಪಸು ಕಳಿಸಿದ ಸುದ್ದಿ ಇಲ್ಲ. ನಮ್ಮ ರಾಜ್ಯ 2020ರ ಮೇ 6ರಂದು 1,610 ಕೋಟಿಯ ಪ್ಯಾಕೇಜು ಸಾರಿತು. ಕ್ಷೌರಿಕರಿಗೆ, ಅಗಸರಿಗೆ, ಆಟೋ ಚಾಲಕರಿಗೆ 5,000, ಹೂ ಬೆಳೆದವರಿಗೆ ಹೆಕ್ಟೇರಿಗೆ 25,000, ನೇಕಾರರಿಗೆ 2,000 ರೂಪಾಯಿ. ಪಡೆಯಲು ಆನ್‌ಲೈನ್ ಅರ್ಜಿ, ಲೈಸೆನ್ಸು, ಪ್ರಮಾಣಪತ್ರ. ಎಲೆಕೋಸು ಹೊಲದಲ್ಲೇ ಕೊಳೆಸಿದ ಗೋಕಾಕದ ರೈತ ಸೈಬರ್ ಕೆಫೆಯ ಮುಂದೆ ಸಾಲು ನಿಂತ. ಸಿಕ್ಕವರಿಗೆ ಸಿಕ್ಕಿತು. ಒಂದು ವಿಷಯದಲ್ಲಿ ಮಾತ್ರ ಜಗತ್ತೆಲ್ಲ ಒಂದೇ. ಅಮೆರಿಕದ ಚೆಕ್ಕಿನ ಮೇಲೆ ಟ್ರಂಪ್ ಹೆಸರು ಅಚ್ಚಾಯಿತು, ನಮ್ಮ ಲಸಿಕೆ ಪ್ರಮಾಣಪತ್ರದ ಮೇಲೆ ಮೋದಿಯವರ ಚಿತ್ರ, ಊರಿನಲ್ಲಿ ಹಂಚಿದ ಆಹಾರ ಕಿಟ್ಟಿನ ಚೀಲದ ಮೇಲೆ ಊರ ಸಾಹುಕಾರರ ಚಿತ್ರ. ನಮ್ಮ ಕಡೆ ಶಾಸಕರನ್ನು ಸಾಹುಕಾರ ಎಂದೇ ಕರೆಯುತ್ತಾರೆ. ಕೊಟ್ಟದ್ದು ತೆರಿಗೆಯ ಹಣವೋ ಸಾಹುಕಾರರ ಜೇಬಿನದೋ ಎಂಬ ಲೆಕ್ಕ ಚೀಲ ಹಿಡಿದವರಿಗೂ ಬೇಕಿಲ್ಲ, ಕೊಟ್ಟವರಿಗಂತೂ ಬೇಡವೇ ಬೇಡ. ನನ್ನ ಮಟ್ಟಿಗೆ ನಮ್ಮ ದೊಡ್ಡ ದೋಷ ಇರುವುದು ಇಲ್ಲಿ. ಹಕ್ಕಿನಿಂದ ಬರಬೇಕಾದ್ದನ್ನು ಕೃಪೆಯಿಂದ ಬಂತೆಂದು ತೆಗೆದುಕೊಂಡವನು ಅದು ನಿಂತಾಗ ಬೈಯಬಲ್ಲ, ಲೆಕ್ಕ ಕೇಳಲಾರ.

ಅದಕ್ಕೇ ಆ ಗದಗಿನ ಫೋನು ನನಗೆ ಮುಖ್ಯ. ಅವರು ಕಿಟ್ಟು ಕೇಳಲಿಲ್ಲ. ಐದು ಕಿಲೋ ಎರಡಾದದ್ದು ಯಾಕೆ ಎಂದು ಕೇಳಿದರು.

ಹಳ್ಳಿಯಲ್ಲಿ ಈ ಎರಡು ವರ್ಷ ಸರಕಾರದ ಮುಖವಾಗಿ ನಿಂತವರು ಮಂತ್ರಿಗಳೂ ಅಲ್ಲ, ಸಾಹುಕಾರರೂ ಅಲ್ಲ, ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆಯರು. ಮುಂಬಯಿಯಿಂದ ಯಾರ ಮಗ ಬಂದ, ಯಾರ ಮನೆಯಲ್ಲಿ ಕೆಮ್ಮು, ಯಾವ ಮುದುಕ ಸೂಜಿಗೆ ಹೆದರಿ ಗೋವಿನಜೋಳದ ಹೊಲದಲ್ಲಿ ಅಡಗಿದ ಎಂದು ಗೊತ್ತಿದ್ದದ್ದು ಅವರಿಗೆ. ಲಸಿಕೆ ಹಾಕಿಸಿಕೊಂಡರೆ ಸಾಯುತ್ತಾರೆ ಎಂಬ ಮಾತು ವಾಟ್ಸಾಪಿನಲ್ಲಿ ಅಮೆರಿಕಕ್ಕೂ ಅರಭಾವಿಗೂ ಒಂದೇ ವೇಗದಲ್ಲಿ ಮುಟ್ಟಿತ್ತು. ಅಲ್ಲಿ ಅದು ವರ್ಷಗಟ್ಟಲೆ ಗಟ್ಟಿಯಾಗಿ ನಿಂತಿತು, ಇಲ್ಲಿ ಬಹುಮಟ್ಟಿಗೆ ಕರಗಿತು. ಕರಗಿಸಿದ್ದು ಪ್ರಧಾನಿಯ ಭಾಷಣವಲ್ಲ. 'ಯಮ್ಮಾ, ನಾನೂ ಹಾಕಿಸಿಕೊಂಡೀನಿ, ನೋಡ ಇಲ್ಲೆ, ಏನಾಗೇತಿ ನನಗ?' ಎಂದು ಕಟ್ಟೆಯ ಮೇಲೆ ಕೂತು ಹೇಳಿದ, ಹಿಂದೆ ಅದೇ ಮನೆಯ ಬಾಣಂತನ ನೋಡಿದ ಹೆಂಗಸು. ಪುಣೆಯ ಸೋಲ್ಜರಿಗೂ ಈಕೆಗೂ ಇರುವ ವ್ಯತ್ಯಾಸವೇ ಎಲ್ಲವನ್ನೂ ಹೇಳುತ್ತದೆ.

ಮುಂದಿನ ಮಹಾಮಾರಿಗೆ ಸಿದ್ಧತೆ ಎಂದು ವೆಂಟಿಲೇಟರ್, ಆಮ್ಲಜನಕ ಘಟಕಗಳ ಲೆಕ್ಕ ಹೇಳುತ್ತಾರೆ. ಬೇಕು, ಅವೆಲ್ಲ ಬೇಕು. ಗೋಕಾಕದಲ್ಲೇ ಜಿಲ್ಲಾಸ್ಪತ್ರೆಯ ಮಟ್ಟದ ಆಸ್ಪತ್ರೆ ಬೇಕು, ಜಿಲ್ಲೆ ಒಡೆಯಲಿ ಬಿಡಲಿ. ಗ್ರಾಮ ಪಂಚಾಯಿತಿಗಳ ಕಾರ್ಯಪಡೆಗಳಿಗೆ ಕಾಗದದ ಮೇಲಲ್ಲದೆ ಕೈಯಲ್ಲೂ ಸ್ವಲ್ಪ ದುಡ್ಡು ಇರಬೇಕು. ಆದರೆ ನಂಬಿಕೆಯನ್ನು ಹೊತ್ತು ಮನೆಮನೆಗೆ ಹೋದವರನ್ನು ಸರಕಾರ ಹೇಗೆ ನಡೆಸಿಕೊಂಡಿತು ಎಂಬ ಲೆಕ್ಕವೂ ಇದೆ. ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಎಂದು 2020ರ ಜುಲೈನಲ್ಲಿ, ಸೋಂಕು ಏರುತ್ತಿದ್ದಾಗಲೇ, ಕೆಲಸ ನಿಲ್ಲಿಸಿ ಕೂತರು. ಅದಾಗಿ ನಾಲ್ಕೂವರೆ ವರ್ಷದ ಮೇಲೆ, 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮತ್ತೆ ಹಗಲು ರಾತ್ರಿ ಧರಣಿ ಕೂತ ಬಳಿಕ ಅವರಿಗೆ ಸಿಕ್ಕದ್ದು 10,000 ರೂಪಾಯಿಯ ಭರವಸೆ.